ಅವ್ವನ ಚೀಲದಲ್ಲೊಂದು ಫೋರ್ಕ್

ಮೊನ್ನೆ ಒಂದು ಮದುವೆಯಲ್ಲಿ ಊಟ ಮುಗಿಸಿ ಕೂತಾಗ ಅವ್ವ ಎಲೆ ಅಡಿಕೆ ಹಾಕಿಕೊಳ್ಳಲೆಂದು ತನ್ನ ಬಟ್ಟೆಯ ಚೀಲ ಬಿಚ್ಚಿದಳು. ಮೊದಲು ಅಡಕತ್ತರಿ ಬಂತು, ಆಮೇಲೆ ಸುಣ್ಣದ ಡಬ್ಬಿ ಬಂತು, ಅದರ ಹಿಂದೆಯೇ ಠಣ್ಣೆಂದು ಸ್ಟೀಲಿನ ಫೋರ್ಕೊಂದು ಕಲ್ಯಾಣ ಮಂಟಪದ ನೆಲಕ್ಕೆ ಬಿತ್ತು. ಪಕ್ಕದ ಕುರ್ಚಿಯ ಹೆಂಗಸು ಅದನ್ನು ಎತ್ತಿಕೊಡುತ್ತ, "ಅಮ್ಮಾರೇ, ನೀವು ಇದ್ರಾಗೆ ಊಟ ಮಾಡ್ತೀರೇನ್ರಿ?" ಎಂದು ಕಣ್ಣರಳಿಸಿ ಕೇಳಿದರು.

"ನನಗ್ಯಾಕವ್ವ ಇದು? ಇದು ಮೀಸೆಪ್ಪಂದು," ಎಂದಳು ಅವ್ವ, ಎಲೆಗೆ ಸುಣ್ಣ ಸವರುತ್ತ.

ಆ ಹೆಂಗಸು ಮೀಸೆಪ್ಪ ಯಾರಿರಬಹುದೆಂದು ಸುತ್ತ ನೋಡಿ ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದರು. ನನಗೆ ಮೀಸೆ ಇದೆ, ಸಾಕಷ್ಟು ದಪ್ಪಗೇ ಇದೆ. ಐವತ್ತೆರಡು ವರ್ಷದ ಈ ಗಂಡಸಿಗೆ ತಾಯಿ ಮದುವೆಮನೆಗೂ ಫೋರ್ಕ್ ಹೊತ್ತು ತರುತ್ತಾಳಲ್ಲ ಎಂಬ ಕನಿಕರ ಅವರ ಮುಖದ ಮೇಲೆ ನಿಧಾನವಾಗಿ ಹರಡಿತು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಕೂತೆ.

ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಮೀಸೆಪ್ಪ ಒಂದು ಮೀನು. ಗೇಣುದ್ದ ಇದ್ದಾನೆ, ಮೈಯೆಲ್ಲ ಕಪ್ಪು ಕಂದು ಚುಕ್ಕಿ, ಬಾಯಿ ಹೊಟ್ಟೆಯ ಕಡೆಗೆ. ತೊಟ್ಟಿಯ ಗಾಜಿಗೆ ಆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುತ್ತ ದಿನಗಟ್ಟಲೆ ಕೂರಬಲ್ಲ. ಬಾಯಿಯ ಆಚೀಚೆ ಒಂದೊಂದು ಮೀಸೆ. ಅಂಗಡಿಯವರು ಇದನ್ನು ಸಕ್ಕರ್ ಮೀನು ಎನ್ನುತ್ತಾರೆ. ಮೊಟ್ಟೆ ಎಂಬ ಮಾತನ್ನೂ ದನಿ ತಗ್ಗಿಸಿ ಆಡುವ, ಬೆಳಿಗ್ಗೆ ಲಿಂಗಪೂಜೆಯಾಗದೆ ಕಾಫಿ ಇಳಿಯದ ನಮ್ಮ ಮನೆಗೆ ಇವನು ಬಂದದ್ದು, ಬಂದು ಗೆದ್ದದ್ದು ಹೇಗೆಂದು ಹೇಳಬೇಕಾದರೆ ಒಂದು ಜಗಳದಿಂದಲೇ ಶುರು ಮಾಡಬೇಕು.

ನನ್ನ ಅಕ್ಕ ಶಾರದಾ ಇರುವುದು ಹರಿಹರದಲ್ಲಿ. ದಾವಣಗೆರೆಯಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟಿಗಾಗಿ ಸ್ವಲ್ಪ ಜಗಳವಾಡಿ ಕೂರುವಷ್ಟರಲ್ಲಿ ಹರಿಹರ ಬಂದುಬಿಡುತ್ತದೆ. ಇಷ್ಟು ಹತ್ತಿರದ ಊರಿಗೆ ಅವ್ವ ನಾಲ್ಕು ವರ್ಷ ಕಾಲಿಟ್ಟಿರಲಿಲ್ಲ. ಕಾರಣ ಅಕ್ಕನ ಮೀನಿನ ತೊಟ್ಟಿ. ಒಂದು ಬೇಸಿಗೆಯಲ್ಲಿ ಅವ್ವ ಬಸ್ಸಿಳಿದು ಬಾಯಾರಿ ಅಕ್ಕನ ಮನೆ ಸೇರಿದಳು. ಅಕ್ಕ ಮೀನಿಗೆ ಗುಳಿಗೆಯಂಥ ತಿಂಡಿ ಹಾಕುತ್ತಿದ್ದಳು. ತಾಯಿಯನ್ನು ಕಂಡ ಸಡಗರದಲ್ಲಿ ಅದೇ ಕೈಯಲ್ಲಿ ನೀರಿನ ಲೋಟ ತಂದು ಹಿಡಿದಳು. ಆ ಗುಳಿಗೆ ಒಣಮೀನಿನ ಹಿಟ್ಟಿನಿಂದ ಮಾಡಿದ್ದು. ವಾಸನೆ ಅವ್ವನ ಮೂಗಿಗೆ ಹೊಡೆಯಿತು.

"ಈ ಮನ್ಯಾಗೆ ನಾನು ನೀರು ಮುಟ್ಟಂಗಿಲ್ಲ," ಎಂದು ಅವ್ವ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ಬ್ಯಾಡ ಬಿಡು," ಎಂದಳು ಅಕ್ಕ.

ಎರಡೇ ಎರಡು ಮಾತು. ಅಕ್ಕ ಅವ್ವನ ಹೊಟ್ಟೆಯಲ್ಲೇ ಹುಟ್ಟಿದವಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಂದಿನಿಂದ ಮದುವೆ ಮುಂಜಿಗಳಲ್ಲಿ ಎದುರಾದರೂ ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು. "ಆಕಿಗೆ ಹೇಳು, ಕಾಲುನೋವಿಗೆ ಎಣ್ಣೆ ಹಚ್ಕೋ ಅಂತ" ಎಂದು ಅವ್ವ ಹೇಳುತ್ತಿದ್ದಳು. ಆಕಿ ಮೂರಡಿ ದೂರದಲ್ಲೇ ಕೂತಿರುತ್ತಿದ್ದಳು. ನಾನು ತಿರುಗಿ ಹೇಳುತ್ತಿದ್ದೆ. ಒಮ್ಮೊಮ್ಮೆ ಕುತ್ತಿಗೆ ಉಳುಕುತ್ತಿತ್ತು. ನಗುತ್ತ ಬರೆಯುತ್ತಿದ್ದೇನೆ, ಆದರೆ ಆ ನಾಲ್ಕು ವರ್ಷ ನನಗೆ ಹಬ್ಬದ ಊಟವೂ ಸರಿಯಾಗಿ ಸೇರುತ್ತಿರಲಿಲ್ಲ.

ಕಳೆದ ವರ್ಷ ಅಕ್ಕ ಮನೆಯ ಹಳೇ ನೆಲ ಕಿತ್ತು ಟೈಲ್ಸ್ ಹಾಕಿಸಲು ಹೊರಟಳು. ಮನೆ ತುಂಬ ದೂಳು, ಅವರು ಮೂರು ತಿಂಗಳ ಮಟ್ಟಿಗೆ ಒಂದು ಸಣ್ಣ ಬಾಡಿಗೆ ಕೋಣೆಗೆ ಹೋದರು. ಚಂದದ ಬಣ್ಣದ ಮೀನುಗಳನ್ನು ಅಕ್ಕಪಕ್ಕದವರು ಸಂತೋಷದಿಂದ ಒಯ್ದರು. ಈ ಕರಿಯ ಮಾತ್ರ ಯಾರಿಗೂ ಬೇಡವಾದ. ಅಕ್ಕ ಮಂಡಿಪೇಟೆಯ ನನ್ನ ಪಾತ್ರೆ ಅಂಗಡಿಗೇ ತೊಟ್ಟಿ ಸಮೇತ ಬಂದು ಇಳಿದಳು. "ನೋಡೋ ಮಹೇಶ, ಎಂಟು ವರ್ಷ ಸಾಕೀನಿ. ಇದಕ್ಕೇನಾದ್ರೂ ಆದ್ರೆ ನಾನು ನಿಮ್ಮನಿ ಹೊಸ್ತಿಲು ತುಳಿಯಂಗಿಲ್ಲ," ಎಂದಳು. ಅವ್ವ ಅಲ್ಲಿಗೆ ಹೋಗುವುದಿಲ್ಲ, ಇನ್ನು ಅಕ್ಕನೂ ಇಲ್ಲಿಗೆ ಬಾರದಿದ್ದರೆ ಮುಗಿಯಿತು. ಒಂದು ಮೀನು ಸತ್ತರೆ ಮನೆಯೇ ಎರಡಾಗುವ ಹಾಗಿತ್ತು.

ಮನೆಗೆ ತಂದಾಗ ಅವ್ವ ಬಾಗಿಲಲ್ಲೇ ತಡೆದಳು. ತೊಟ್ಟಿಯನ್ನು ಬಗ್ಗಿ ನೋಡಿದಳು. ಮೀನು ಅವಳನ್ನು ನೋಡಿತು.

"ಜೀವ ಐತೆ, ಒಳಗೆ ಬರಲಿ. ಆ ಗುಳಿಗಿ ಡಬ್ಬಿ ಬರಂಗಿಲ್ಲ. ಮೀನಿಗೆ ಮೀನು ತಿನ್ಸಾದೇನು? ಮಕ್ಳಾಟಾನ?"

ಹೀಗೆ ಮೀನು ಒಳಗೆ ಬಂತು, ಅದರ ಊಟ ಹೊರಗೆ ಉಳಿಯಿತು. ನಾನು ಬಣ್ಣದ ಮೀನು ಮಾರುವ ಅಂಗಡಿಗೆ ಓಡಿ ಸಂಗತಿ ಹೇಳಿಕೊಂಡೆ. ಆತ ನಕ್ಕು ಸಮಾಧಾನ ಹೇಳಿದ: "ಟೆನ್ಷನ್ ಬ್ಯಾಡ್ರಿ ಸಾವ್ಕಾರ್ರೇ. ಇದು ಮೊದ್ಲೇ ಸೊಪ್ಪು ಪಾಚಿ ತಿನ್ನೋ ಜಾತಿ. ಸೌತೆಕಾಯಿ ಕೊಡ್ರಿ, ಹೀರೆಕಾಯಿ ಕೊಡ್ರಿ. ಚೆನ್ನಾಗಿ ತೊಳೀರಿ, ಸಿಪ್ಪೆ ತೆಗೀರಿ, ಗಟ್ಟಿ ಇದ್ರೆ ಬಿಸಿನೀರಾಗೆ ಒಂದ್ ಕುದಿ ಮೆತ್ತಗೆ ಮಾಡ್ರಿ. ಉಪ್ಪು ಖಾರ ಎಣ್ಣೆ ಸೋಕಬಾರ್ದು. ಹುಳಿ ಹಣ್ಣು ಬ್ಯಾಡ, ನಿಂಬೆ ಮೋಸಂಬಿ ದೂರ ಇಡ್ರಿ. ಸಂಜಿಗೆ ಹಾಕಿದ್ದು ಬೆಳಿಗ್ಗೆ ಉಳಿದಿದ್ರೆ ತೆಗೆದ್ಬಿಡ್ರಿ, ಇಲ್ಲಾಂದ್ರೆ ನೀರು ಕೆಡ್ತೈತೆ." ಜೊತೆಗೆ ಪಾಚಿಯಿಂದ ಮಾಡಿದ ಹಸಿರು ಬಿಲ್ಲೆಗಳ ಡಬ್ಬಿಯನ್ನೂ ಕೊಟ್ಟ, ವಾರಕ್ಕೆರಡು ಸಲ ಇದನ್ನೂ ಹಾಕಿ ಎಂದ. ಅವ್ವ ಅದನ್ನು ಮೂಸಿ, "ಇದು ಸೊಪ್ಪೇ ಐತೆ" ಎಂದು ಒಳಗೆ ಬಿಟ್ಟಳು.

ಮೊದಲ ಸಂಜೆ ಸೌತೆಕಾಯಿಯ ಒಂದು ಬಿಲ್ಲೆ ಹಾಕಿದೆ. ಅದು ಹೊಳೆಯ ತೆಪ್ಪದ ಹಾಗೆ ಮೇಲೆ ತೇಲುತ್ತ ತಿರುಗತೊಡಗಿತು. ಮೀನು ತಳದಲ್ಲಿ, ಊಟ ಮೇಲೆ. ನಾನು ಬೆರಳಿನಿಂದ ಒತ್ತಿದೆ, ಬಿಟ್ಟೊಡನೆ ಪುಟಿದು ಬಂತು. ದಾರದಲ್ಲಿ ಕಲ್ಲು ಕಟ್ಟಿದೆ. ದಾರ ಬಿಚ್ಚಿಕೊಂಡು ಕಲ್ಲು ಮಾತ್ರ ಮುಳುಗಿತು. ಇಂಥ ಮೂರು ಕಲ್ಲು ತೊಟ್ಟಿಯ ತಳ ಸೇರಿದ ಮೇಲೆ ನನ್ನ ಹೆಂಡತಿ ಗಿರಿಜಾ, "ಪಾತ್ರೆ ಅಂಗಡಿ ಇಟ್ಕಂಡು ಕಲ್ಲು ಹುಡುಕ್ತೀರಲ್ರಿ! ಆ ಚುಚ್ಚೋ ಚಮಚ ಐತಲ್ಲ, ಅದನ್ನ ತರ್ರಿ," ಎಂದಳು.

ಫೋರ್ಕ್ ಮಾರುವುದು ನನ್ನ ವೃತ್ತಿಯಾದರೂ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ಕೈಗೆ ಐದು ಬೆರಳಿರುವಾಗ ನಾಲ್ಕು ಹಲ್ಲಿನ ಸಾಮಾನು ಯಾಕೆ ಎನ್ನುವ ಪೈಕಿ ನಾವು. ಅಂಗಡಿಯಿಂದ ಒಂದು ತಂದು ಸೌತೆಕಾಯಿಗೆ ಚುಚ್ಚಿ ಬಿಟ್ಟೆ. ಗಂಭೀರವಾಗಿ ತಳಕ್ಕಿಳಿಯಿತು. ಬೆಳಿಗ್ಗೆ ನೋಡಿದರೆ ಫೋರ್ಕಿನ ಹಲ್ಲಿನಲ್ಲಿ ಒಂದು ತೆಳು ಬಳೆಯಷ್ಟು ಸೌತೆಕಾಯಿ ಉಳಿದಿತ್ತು. ನಡುವಿನ ತಿರುಳೆಲ್ಲ ಮಾಯ! ನಾನೂ ಗಿರಿಜಾಳೂ ಮಗು ಮೊದಲ ತುತ್ತು ಉಂಡಂತೆ ಕುಣಿದೆವು. ವಾರ ಕಳೆಯುವಷ್ಟರಲ್ಲಿ ಆ ಫೋರ್ಕಿನ ಕತ್ತಿನ ಬಳಿ ಕಂದು ಕಲೆ ಕಂಡಿತು. ಇಪ್ಪತ್ತೈದು ವರ್ಷದಿಂದ "ತುಕ್ಕು ಹಿಡಿದ್ರೆ ನನ್ನ ಕೇಳ್ರಿ" ಎಂದು ಗಿರಾಕಿಗಳಿಗೆ ಎದೆ ತಟ್ಟಿ ಹೇಳಿದವನು ನಾನು. ಯಾರಿಗೂ ಕಾಣದ ಹಾಗೆ ಆ ಫೋರ್ಕ್ ಬಿಸಾಡಿ, ಅಂಗಡಿಯ ಮೇಲಿನ ಅಟ್ಟದಿಂದ ಒಳ್ಳೆಯ ಜಾತಿಯದೊಂದು ತಂದೆ. ಅವ್ವನ ಚೀಲದಲ್ಲಿರುವುದು ಇದೇ.

ಹೀರೆಕಾಯಿ ಮಾತ್ರ ಒಂದು ಕುದಿ ಕುದಿಸಬೇಕಿತ್ತು. ಗಿರಿಜಾಳ ಕೈ ತನ್ನಿಂತಾನೇ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು, ನಾನು "ಉಪ್ಪು! ಉಪ್ಪು!" ಎಂದು ಕೂಗುತ್ತಿದ್ದೆ. ಎರಡು ದಿನ ಸಹಿಸಿದಳು. ಮೂರನೆಯ ದಿನ ನನ್ನ ತಟ್ಟೆಗೂ ಅದೇ ಸಪ್ಪೆ ಹೀರೆಕಾಯಿ ಬಿತ್ತು.

"ನಿಮಗೂ ಡಾಕ್ಟ್ರು ಉಪ್ಪು ಬ್ಯಾಡ ಅಂದಾರೆ, ಅದಕ್ಕೂ ಬ್ಯಾಡ. ಇಬ್ರಿಗೂ ಒಂದೇ ಪಾತ್ರೆ. ಗ್ಯಾಸಾದ್ರೂ ಉಳೀತೈತೆ."

ಹೀಗೆ ನಾನೂ ಮೀನೂ ಒಂದೇ ಪಂಕ್ತಿಯಾದೆವು. ಅವನಿಗೆ ಮೈ ಹೊಳಪು ಬಂತು, ನನಗೆ ಬಿಪಿ ಇಳಿಯಿತು.

ಅವ್ವ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ದೂರವೆಂದರೆ ಮೊದಲ ವಾರ ನಡುಮನೆಯ ಬಾಗಿಲು, ಎರಡನೆಯ ವಾರ ಸೋಫಾ, ಮೂರನೆಯ ವಾರ ತೊಟ್ಟಿಯ ಪಕ್ಕದ ಸ್ಟೂಲು. ಲೋಕಿಕೆರೆಯಿಂದ ತರಕಾರಿ ಬುಟ್ಟಿ ಹೊತ್ತು ಬರುವ ಹೆಂಗಸನ್ನು ನಿಲ್ಲಿಸಿ, "ಔಷಧಿ ಹೊಡೆದೀರೇನು? ನಿಜ ಹೇಳು, ನಮ್ಮನ್ಯಾಗೆ ತಿನ್ನೋನು ನಾಜೂಕು ಮನುಷ್ಯ," ಎಂದು ಕೇಳತೊಡಗಿದಳು. ಬೆಳಿಗ್ಗೆ ಎದ್ದು ಉಳಿದ ಚೂರನ್ನೆಲ್ಲ ತೆಗೆದುಹಾಕುವ ಕೆಲಸವನ್ನು ತನ್ನದಾಗಿ ಮಾಡಿಕೊಂಡಳು. ಎಂಜಲು ನೀರಿನಲ್ಲಿ ಕೊಳೆಯಬಾರದು ಎನ್ನುವ ಮಾತನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೀಸೆಪ್ಪ ಎಂಬ ಹೆಸರು ಅವಳೇ ಇಟ್ಟದ್ದು. ಕುಂಬಳಕಾಯಿ ಕೊಟ್ಟರೆ ಮೀಸೆಪ್ಪ ಸಿಪ್ಪೆ ಬಿಟ್ಟು ಎಲ್ಲ ತಿನ್ನುತ್ತಿದ್ದ. ಬಟಾಣಿಯ ಸಿಪ್ಪೆ ಸುಲಿದು ಹಿಚುಕಿ ಕೊಟ್ಟರೆ ಉಗುಳಿ ಮತ್ತೆ ತಿನ್ನುತ್ತಿದ್ದ. ಕಲ್ಲಂಗಡಿಯ ಬಿಳಿ ಭಾಗ ಸಿಕ್ಕ ದಿನ ಬಾಲ ಅಲ್ಲಾಡಿಸುತ್ತಿದ್ದನೆಂದು ಅವ್ವ ಆಣೆ ಮಾಡಿ ಹೇಳುತ್ತಾಳೆ.

ಒಂದು ಮಧ್ಯಾಹ್ನ ಅವ್ವ ಖಾರ ಹಚ್ಚದ ಬರೀ ಮಂಡಕ್ಕಿಯನ್ನು ಒಂದು ಹಿಡಿ ತೊಟ್ಟಿಗೆ ಹಾಕಿ ಕಾಯುತ್ತ ಕೂತಿದ್ದಳು. ಮಂಡಕ್ಕಿ ತೇಲಿತು, ಮೀಸೆಪ್ಪ ತಳದಿಂದ ಏಳಲಿಲ್ಲ. ನನಗೆ ಥಟ್ಟನೆ ಹರಿಹರದ ಹೊಳೆ ನೆನಪಾಯಿತು. ಅವ್ವನ ತವರು ಭಾನುವಳ್ಳಿ. ನಾವು ಚಿಕ್ಕವರಿದ್ದಾಗ ರಜೆಗೆ ಅಲ್ಲಿಗೆ ಹೋಗಬೇಕಾದರೆ ಹರಿಹರದಲ್ಲಿ ಬಸ್ಸು ಬದಲಿಸಬೇಕಿತ್ತು. ಮುಂದಿನ ಬಸ್ಸು ತಡವಿದ್ದರೆ ಅವ್ವ ಮಂಡಕ್ಕಿ ಪೊಟ್ಟಣ ಕಟ್ಟಿಸಿಕೊಂಡು ನಮ್ಮನ್ನು ಹೊಳೆದಂಡೆಗೆ ಕರೆದೊಯ್ಯುತ್ತಿದ್ದಳು. ಮೊದಲ ಹಿಡಿ ಮೀನಿಗೆ, ಆಮೇಲೆ ನಮಗೆ. ನೀರಿನ ಮೇಲೆ ಮಂಡಕ್ಕಿ ಬಿದ್ದ ಕಡೆ ನೂರು ಬಾಯಿ ತೆರೆದುಕೊಳ್ಳುತ್ತಿದ್ದವು. ಅಕ್ಕ ಕೈಯನ್ನೇ ನೀರಿಗಿಟ್ಟು, ಬೆರಳ ತುದಿಗೆ ಮೀನು ಮುತ್ತಿದರೆ ಕಿಟಾರನೆ ಕಿರುಚಿ ನಗುತ್ತಿದ್ದಳು. ಅವಳ ನಗು ಕೇಳಿ ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅಕ್ಕನಿಗೆ ಮೀನಿನ ಹುಚ್ಚು ಹಿಡಿಸಿದವಳು ಅವ್ವನೇ! ನಾಲ್ಕು ವರ್ಷ ಇಬ್ಬರಿಗೂ ಇದು ಹೊಳೆದಿರಲಿಲ್ಲ, ನನಗಂತೂ ಹೊಳೆಯುವ ಪ್ರಶ್ನೆಯೇ ಇಲ್ಲ.

"ಹೊಳ್ಯಾಗೆ ಹೆಂಗೆ ಮುತ್ತುತಿದ್ವು ನೋಡು. ಆವಾಗ ಶಾ..." ಎಂದು ಶುರು ಮಾಡಿದ ಅವ್ವ ಅರ್ಧಕ್ಕೇ ನಿಲ್ಲಿಸಿ, ತೇಲುತ್ತಿದ್ದ ಮಂಡಕ್ಕಿಯನ್ನು ಜಾಲರಿಯಿಂದ ಒಂದೊಂದಾಗಿ ತೆಗೆಯತೊಡಗಿದಳು.

ಆಮೇಲೆ ಶ್ರಾವಣ ಬಂತು. ಶ್ರಾವಣ ಸೋಮವಾರ ಅವ್ವನದೊಂದು ನೇಮವಿದೆ. ಪೂಜೆಯಾಗಿ, ಮನೆಯ ಸುತ್ತಿನ ಜೀವಕ್ಕೆಲ್ಲ ಹಬ್ಬದ ಪಾಲು ಸಲ್ಲುವ ತನಕ ಅವಳು ಗುಟುಕು ನೀರೂ ಕುಡಿಯುವುದಿಲ್ಲ. ಬೀದಿ ತಿರುವಿನ ಹಸುವಿಗೆ ಹೋಳಿಗೆ, ಕಾಗೆಗೆ ಅನ್ನ, ಇರುವೆ ಗೂಡಿಗೆ ಸಕ್ಕರೆ. ಆ ಸೋಮವಾರ ನಾನು ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ತೊಟ್ಟಿಯ ಕಡೆ ಕಣ್ಣು ಹೋಯಿತು. ನೀರು ಮಜ್ಜಿಗೆಯಾಗಿತ್ತು. ಅದರೊಳಗಿಂದ ಮೀಸೆಪ್ಪನ ಬಾಯಿ ಮೇಲೆ ಬಂದು ಗಾಳಿಗಾಗಿ ಪಕ್ ಪಕ್ ಎನ್ನುತ್ತಿತ್ತು.

"ಅವ್ವಾ, ಏನ್ ಹಾಕಿದಿ?"

"ಸೀಕರಣೆ. ಎಲ್ಲಾರಿಗೂ ಕೊಟ್ಟು ಮನ್ಯಾಗಿದ್ದೋನ್ನ ಬಿಡಾಕಾಗ್ತೈತೇನು? ಬಾಳೆಹಣ್ಣು ತಿಂತೈತೆ ಅಂತ ನೀನೇ ಅಂದಿದ್ದಿ."

ಅಂದಿದ್ದೆ, ನಿಜ. ಎಂದಾದರೊಮ್ಮೆ ಬಾಳೆಹಣ್ಣಿನ ಬೆರಳುಗುರಿನಷ್ಟು ಚೂರು ಕೊಡಬಹುದು ಎಂದಿದ್ದೆ. ಹಾಲು, ಬೆಲ್ಲ, ಏಲಕ್ಕಿ, ಮೇಲೊಂದು ಚಮಚ ತುಪ್ಪ ಬೇಡ ಎಂದಿರಲಿಲ್ಲ. ಮೀನಿನ ತೊಟ್ಟಿಗೆ ಸೀಕರಣೆ ಬೀಳಬಹುದು ಎಂದು ಮೊದಲೇ ಊಹಿಸುವ ತಲೆ ನನಗಿದ್ದಿದ್ದರೆ ನಾನು ಪಾತ್ರೆ ಮಾರುತ್ತಿರಲಿಲ್ಲ.

ಮೀನಿನ ಅಂಗಡಿಯವನಿಗೆ ಫೋನ್ ಮಾಡಿದೆ. "ಮೊದ್ಲು ಅದನ್ನ ಹೊರಗೆ ತೆಗೀರಿ. ಬಲೆ ಬ್ಯಾಡ, ಮುಳ್ಳು ಸಿಕ್ಕಂತಾವೆ, ಪಾತ್ರೆಯಿಂದಲೇ ಮೊಗೀರಿ. ಈಗ ಬಂದ ನಲ್ಲಿ ನೀರು ಬ್ಯಾಡ, ಅದರಾಗೆ ಶುದ್ಧಿ ಮಾಡೋ ಮದ್ದಿರ್ತೈತೆ. ಹಿಡಿದಿಟ್ಟ ನೀರೈತಲ್ರಿ?" ನಮ್ಮೂರಿನಲ್ಲಿ ಹಿಡಿದಿಟ್ಟ ನೀರಿಗೆ ಬರವೇ? ನಲ್ಲಿ ಬಂದಾಗ ತುಂಬಿಟ್ಟುಕೊಂಡೇ ನಾವೆಲ್ಲ ಬದುಕುವುದು. "ಐತ್ರಿ, ತಾಮ್ರದ ಹಂಡೆ ತುಂಬ ಐತೆ, ಶುದ್ಧ ನೀರು," ಎಂದೆ ಹೆಮ್ಮೆಯಿಂದ. "ತಾಮ್ರ ಬ್ಯಾಡ್ರೀ! ಸಾಯ್ತೈತೆ!" ಎಂದು ಆತ ಕಿರುಚಿದ್ದು ಗಿರಿಜಾಳಿಗೂ ಕೇಳಿಸಿತು. ತಾಮ್ರದ ನೀರಿನ ಗುಣಗಾನ ಮಾಡಿ ನಾನು ಎಷ್ಟು ಹಂಡೆ ಮಾರಿದ್ದೇನೋ. ಕೊನೆಗೆ ಬಚ್ಚಲಿನ ಪ್ಲಾಸ್ಟಿಕ್ ಡ್ರಮ್ಮಿನ ನೀರನ್ನು, ಯಾರದೋ ಮದುವೆಗೆಂದು ತಂದಿಟ್ಟಿದ್ದ ಸ್ಟಿಕರ್ ಕೀಳದ ದೊಡ್ಡ ಸ್ಟೀಲ್ ಪಾತ್ರೆಗೆ ತುಂಬಿ, ಮೀಸೆಪ್ಪನನ್ನು ಅದಕ್ಕೆ ಬಿಟ್ಟೆವು. ಅಡುಗೆಮನೆಯ ಕಟ್ಟೆಯೊಂದೇ ಖಾಲಿ ಇತ್ತು, ಅಲ್ಲಿಟ್ಟೆವು. ಹಾರೀತೆಂದು ಮೇಲೆ ಅರ್ಧ ಮುಚ್ಚಿದೆವು. ಗಿರಿಜಾಳ ಕೈಯಲ್ಲಿ ಯಾಕೋ ಸೌಟಿತ್ತು.

ಆ ಗಳಿಗೆಗೆ ಸರಿಯಾಗಿ ಪಕ್ಕದ ಮನೆಯ ಪಾರ್ವತಮ್ಮ ಬಂದರು. ನಮ್ಮ ಬೀದಿಯ ಭಜನೆಗೆಲ್ಲ ಅವರೇ ಮುಂದು. ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ಸಲುಗೆಯಿಂದ ಸೀದಾ ಅಡುಗೆಮನೆಗೆ ನುಗ್ಗಿ, "ಏನ್ ಘಮಘಮ ಐತ್ರಿ, ಏನ್ ಮಾಡೀರಿ?" ಎಂದು ಮುಚ್ಚಳ ಎತ್ತಿದರು.

ಪಾತ್ರೆ, ಪಾತ್ರೆಯೊಳಗೆ ಮೀನು, ಪಕ್ಕದಲ್ಲಿ ಗ್ಯಾಸ್ ಒಲೆ, ಸೌಟು ಹಿಡಿದ ಗಿರಿಜಾ, ಹಣೆ ತುಂಬ ವಿಭೂತಿ ಹಚ್ಚಿಕೊಂಡ ನಾನು, ಮೇಲೆ ಶ್ರಾವಣ ಸೋಮವಾರ.

"ಅಯ್ಯೋ ಶಿವನೇ!" ಎಂದರು ಪಾರ್ವತಮ್ಮ. ಮುಚ್ಚಳ ಕೈಯಿಂದ ಬಿದ್ದು ಬಹಳ ಹೊತ್ತು ತಿರುಗಿತು. ನನಗೆ ನಗು ಬಂತು, ನಗಬಾರದೆಂದು ಕೆನ್ನೆಯ ಒಳಗೆ ಕಚ್ಚಿಕೊಂಡೆ.

ಅವ್ವ ದೇವರಮನೆಯಿಂದ ಎದ್ದು ಬಂದಳು. "ಗಾಬರಿ ಆಗಬ್ಯಾಡ್ರಿ ಪಾರ್ವತಮ್ಮ. ಅದು ಅಡುಗೆ ಅಲ್ಲ. ನಮ್ ಶಾರದನ ಮೀನು. ನಾನೇ ಸೀಕರಣೆ ಹಾಕಿ ಅದರ ಹೊಟ್ಟೆ ಕೆಡಿಸೀನಿ. ಅದು ಸುಧಾರಿಸಾ ತನಕ ನಾನೂ ನೀರು ಮುಟ್ಟಂಗಿಲ್ಲ. ಕೂಡ್ರಿ."

ನಾನೂ ಗಿರಿಜಾಳೂ ಮುಖ ನೋಡಿಕೊಂಡೆವು. ನಾಲ್ಕು ವರ್ಷದ ಮೇಲೆ ಅವ್ವನ ಬಾಯಲ್ಲಿ ಆ ಹೆಸರು ಪೂರ್ತಿ ಬಂದಿತ್ತು. ಅದೂ 'ನಮ್' ಸೇರಿಸಿಕೊಂಡು.

ಪಾರ್ವತಮ್ಮ ಕೂತರು. ಹತ್ತು ನಿಮಿಷದಲ್ಲಿ ಅವರೂ ಪಾತ್ರೆಗೆ ಬಗ್ಗಿ, "ಹೊಟ್ಟೆ ಉಬ್ಬರ ಆದ್ರೆ ಒಂಚೂರು ಅಜವಾನ ಹಾಕ್ರಿ" ಎಂದು ವೈದ್ಯ ಹೇಳತೊಡಗಿದರು. ಅವರ ಕೈಯಿಂದ ಅಜವಾನದ ಡಬ್ಬಿ ಕಸಿದುಕೊಳ್ಳುವುದೇ ಗಿರಿಜಾಳಿಗೆ ದೊಡ್ಡ ಕೆಲಸವಾಯಿತು. ನಾನು ತೊಟ್ಟಿ ತಿಕ್ಕಿದೆ, ತೊಳೆದೆ. ಅವ್ವ ಪಾತ್ರೆಯ ಪಕ್ಕ ಬಾಯಿ ಒಣಗಿಸಿಕೊಂಡು ಕೂತೇ ಇದ್ದಳು. ಎಪ್ಪತ್ನಾಲ್ಕರ ಜೀವ, ನೀರಾದರೂ ಕುಡಿ ಎಂದು ಬೇಡಿಕೊಂಡೆ. ಕೇಳಲಿಲ್ಲ. ನನಗೆ ಈಗ ಮೀನಿನದೂ ಅವ್ವನದೂ ಸೇರಿ ಎರಡು ಭಯ. ಇಳಿಹೊತ್ತಿಗೆ ಮೀಸೆಪ್ಪ ಮೇಲೆ ಬರುವುದನ್ನು ನಿಲ್ಲಿಸಿ, ತಳಕ್ಕಿಳಿದು, ಸ್ಟೀಲಿಗೆ ಬಾಯಿ ಅಂಟಿಸಿಕೊಂಡು ನೆಮ್ಮದಿಯಾಗಿ ಕೂತ. ಅವ್ವ ಲೋಟ ಎತ್ತಿಕೊಂಡಳು.

ಸಂಜೆ ಅಕ್ಕನಿಗೆ ಫೋನ್ ಮಾಡಿ, ಬೈಸಿಕೊಳ್ಳಲು ಸಿದ್ಧನಾಗಿಯೇ ಎಲ್ಲ ಹೇಳಿದೆ. ಸೀಕರಣೆ ಎಂದಾಗ ಅಕ್ಕ ಉಸಿರು ಹಿಡಿದಳು. ಪಾರ್ವತಮ್ಮ ಮುಚ್ಚಳ ಎತ್ತಿದ್ದನ್ನು ಹೇಳಿದಾಗ, ಹೊಳೆದಂಡೆಯಲ್ಲಿ ನಗುತ್ತಿದ್ದ ಹಾಗೆಯೇ ಕಿಟಾರನೆ ನಕ್ಕಳು. ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅವ್ವನ ಕೈ ನಿಂತಿತು. ಅವ್ವ ಇಡೀ ದಿನ ಉಪವಾಸ ಕೂತಿದ್ದಳು ಎಂದಾಗ ನಗು ನಿಂತುಹೋಯಿತು.

"ಈಗ ನೀರು ಕುಡಿದ್ಲೇನೋ?" ಎಂದಳು ಅಕ್ಕ ಸಣ್ಣ ದನಿಯಲ್ಲಿ.

"ಕುಡಿದ್ಲು."

ಟೈಲ್ಸ್ ಕೆಲಸ ಮುಗಿದು ಮೀಸೆಪ್ಪನನ್ನು ಒಪ್ಪಿಸುವ ದಿನ ಬಂತು. ಮೀನಿನ ಪಾತ್ರೆಯನ್ನೂ ಖಾಲಿ ತೊಟ್ಟಿಯನ್ನೂ ಲಗೇಜ್ ಆಟೋಗೆ ಏರಿಸುತ್ತಿದ್ದೆ. ಅವ್ವ ಸೀರೆ ಬದಲಿಸಿ, ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ದಾರ್ಯಾಗೆ ನೀರು ತುಳುಕ್ತೈತೆ. ಹಿಡ್ಕಣಾಕೆ ಒಬ್ರು ಬೇಕಲ್ಲ," ಎಂದಳು. ನಾನು ಬೇಗಬೇಗ ಅವಳನ್ನು ಆಟೋಗೆ ಹತ್ತಿಸಿದೆ. ತಡ ಮಾಡಿದರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂಬ ಭಯ. ಹರಿಹರ ಮುಟ್ಟುವ ತನಕ ಅವಳು ಪಾತ್ರೆಯನ್ನು ಎರಡೂ ತೋಳಿನಲ್ಲಿ ತಬ್ಬಿ ಕೂತಿದ್ದಳು.

ಅಕ್ಕ ಬಾಗಿಲಿಗೆ ಬಂದವಳು ಅವ್ವನನ್ನು ಕಂಡು ಅಲ್ಲೇ ನಿಂತಳು. ಆಮೇಲೆ ಒಳಗೋಡಿ ಕೈ ತೊಳೆದಳು. ತೊಟ್ಟಿ ಇಟ್ಟ ಮೇಲೆ ಮತ್ತೆ ತೊಳೆದಳು. ಮೀಸೆಪ್ಪನನ್ನು ನೀರಿಗೆ ಬಿಟ್ಟ ಮೇಲೆ ಇನ್ನೊಮ್ಮೆ ತೊಳೆದಳು. ಮನೆಯೆಲ್ಲ ಸೋಪಿನ ವಾಸನೆ. ಅಷ್ಟಾದರೂ ನೀರು ತರಲೇ ಎಂದು ಕೇಳುವ ಧೈರ್ಯ ಅವಳಿಗಿಲ್ಲ, ಹೊಸ ಟೈಲ್ಸಿನ ಮೇಲೆ ಸುಮ್ಮನೆ ಆ ಕಡೆ ಈ ಕಡೆ ಓಡಾಡುತ್ತಿದ್ದಳು. ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಶಾರದಾ, ನೀರಡಿಕೆ ಆಗೈತೆ."

ಅಕ್ಕ ತುಂಬಿ ತಂದ ಲೋಟ ಬರುವ ದಾರಿಯಲ್ಲೇ ಅರ್ಧ ಚೆಲ್ಲಿತ್ತು. ಅವ್ವ ಒಂದೇ ಗುಟುಕಿಗೆ ಎತ್ತಿ ಕುಡಿದು, "ಇನ್ನೊಂದ್ ಲೋಟ ತಾ" ಎಂದಳು. ಅದನ್ನು ತರಲು ಹೋದ ಅಕ್ಕ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖವನ್ನೂ ತೊಳೆದುಕೊಂಡಿದ್ದಳು.

ಹೊರಡುವಾಗ ಅಕ್ಕ ಹೀರೆಕಾಯಿ ತಂದಳು. "ಇವತ್ತು ಬ್ಯಾಡ," ಎಂದಳು ಅವ್ವ, ಎಲ್ಲ ಬಲ್ಲವಳಂತೆ. "ಜಾಗ ಬದಲಾಗೈತೆ, ಇವತ್ತು ತಿನ್ನಂಗಿಲ್ಲ. ಹಾಕಿದ್ರೆ ನೀರು ಕೆಡ್ತೈತೆ."

"ಹಂಗಾದ್ರೆ ಆ ಫೋರ್ಕ್ ಇಲ್ಲೇ ಇಟ್ಟು ಹೋಗವ್ವ, ನಾಳೆ ನಾನು ಹಾಕ್ತೀನಿ."

ಅವ್ವ ಚೀಲದೊಳಗೆ ಕೈ ಹಾಕಿದಳು, ಫೋರ್ಕನ್ನು ಹೊರಗೆ ತೆಗೆದು ಒಮ್ಮೆ ನೋಡಿದಳು, ಮತ್ತೆ ಸುಣ್ಣದ ಡಬ್ಬಿಯ ಪಕ್ಕಕ್ಕೆ ಇಳಿಸಿ ದಾರ ಬಿಗಿದಳು.

"ಬೇರೆ ದಿನ ನಿನ್ ಚಮಚದಾಗೆ ಕೊಡು. ಪ್ರತಿ ಸೋಮವಾರದ ಪಾಲು ನಾನೇ ಬಂದು ಇದ್ರಾಗೆ ಕೊಡ್ತೀನಿ. ಇಲ್ಲಿಟ್ರೆ ನಾನು ಬರಾದು ಹೆಂಗೆ?"